ಹಳೆಯ ಕನ್ವರ್ಟಿಬಲ್ ಕಾರಿನ ಪವರ್ ಟಾಪ್: ಹೈಡ್ರಾಲಿಕ್ ಉಳಿಸೋದಾ, ಹೊಸ ಕಿಟ್ ತರಿಸೋದಾ, ಎಲೆಕ್ಟ್ರಿಕ್ ಹಾಕಿಸೋದಾ?

ಸ್ವಿಚ್ ಒತ್ತಿದರೆ ಹಿಂದಿನಿಂದ ಮೋಟಾರಿನ ಗುಂಯ್ ಸದ್ದು ಬರುತ್ತದೆ, ಟಾಪ್ ಮಾತ್ರ, ಅಂದರೆ ಮಡಚುವ ಬಟ್ಟೆಯ ಛಾವಣಿ, ಅಲ್ಲಾಡುವುದಿಲ್ಲ. ಇಲ್ಲಾಂದ್ರೆ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಸಿಕ್ಕಿಕೊಳ್ಳುತ್ತದೆ. ಅದೂ ಇಲ್ಲಾಂದ್ರೆ ಸದ್ದೇ ಬರುವುದಿಲ್ಲ. ಪವರ್ ಟಾಪ್ ಇರುವ ಹಳೆಯ ಓಪನ್ ಕಾರು ಕೊಂಡವರು ಈ ಮೂರರಲ್ಲಿ ಒಂದನ್ನು ನೋಡಿಯೇ ನೋಡುತ್ತಾರೆ.

ಆಮೇಲೆ ಸಲಹೆಗಳು ಶುರುವಾಗುತ್ತವೆ. ಒಬ್ಬರು ಅಮೆರಿಕದಿಂದ ಕಿಟ್ ತರಿಸಿ ಅನ್ನುತ್ತಾರೆ. ಇನ್ನೊಬ್ಬರು ಆಯಿಲ್ ಸಹವಾಸವೇ ಬೇಡ, ಎಲ್ಲ ಕಿತ್ತುಹಾಕಿ ಎಲೆಕ್ಟ್ರಿಕ್ ಮೋಟಾರ್ ಕೂರಿಸಿ ಅನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ನಾನು ಕೋಲಾರದಲ್ಲಿ ಇರುವವನು. ಭಾನುವಾರ ಸಂಜೆ ಮೋಡ ಕಟ್ಟಿಕೊಂಡು ಬಂದಾಗ ನರಸಾಪುರದ ಹತ್ತಿರ ಟಾಪ್ ಅರ್ಧಕ್ಕೆ ನಿಂತರೆ, ಅದನ್ನು ಬಿಚ್ಚಿ ನೋಡುವ ಕೈ ನಮ್ಮ ಜಿಲ್ಲೆಯಲ್ಲೇ ಸಿಗಬೇಕು. ನಾನು ಪ್ರತಿ ಆಯ್ಕೆಯನ್ನೂ ಅಳೆಯುವುದು ಇದರ ಮೇಲೆ. ಹಾಗೆ ಅಳೆದರೆ, ಕಾರಿನ ಜೊತೆ ಬಂದ ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದಿಂದ ಟಾಪ್ ಎತ್ತುವ, ವ್ಯವಸ್ಥೆಯನ್ನೇ ಸರಿಮಾಡಿಸಿ ಉಳಿಸಿಕೊಳ್ಳುವುದು ಬಹುಪಾಲು ಕಾರುಗಳಿಗೆ ಒಳ್ಳೆಯ ದಾರಿ. ಉಳಿದ ದಾರಿಗಳು ಎಲ್ಲಿ ಸರಿ, ಎಲ್ಲಿ ತಪ್ಪು ಅನ್ನುವುದನ್ನೂ ಹೇಳುತ್ತೇನೆ.

ನಿಮ್ಮ ಕಾರಿನಲ್ಲಿ ಇರುವುದು ಯಾವುದು?

ಪವರ್ ಟಾಪ್ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಕಾರಿಗೆ ಮೊದಲು ಬಂದದ್ದು 1939ರಲ್ಲಿ, ಪ್ಲಿಮತ್ ಕನ್ವರ್ಟಿಬಲ್‌ನಲ್ಲಿ. ಅದು ವ್ಯಾಕ್ಯೂಮ್ ಮೇಲೆ ನಡೆಯುತ್ತಿತ್ತು. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಅದರ ಗಾಳಿ ಕೊಳವೆಯಾದ ಮ್ಯಾನಿಫೋಲ್ಡ್‌ನಲ್ಲಿ ಹುಟ್ಟುವ ಸೆಳೆತವೇ ಅದರ ಶಕ್ತಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಎಲೆಕ್ಟ್ರಿಕ್ ಮತ್ತು ಹೈಡ್ರಾಲಿಕ್ ಎರಡೂ ಸೇರಿದ ವ್ಯವಸ್ಥೆ ಹರಡಿತು. ಒಂದು ಮೋಟಾರ್, ಅದಕ್ಕೆ ಅಂಟಿಕೊಂಡ ಪಂಪು ಮತ್ತು ಆಯಿಲ್ ಡಬ್ಬಿ, ಎರಡು ಪಕ್ಕಕ್ಕೆ ಎರಡು ಸಿಲಿಂಡರ್. ಆ ಕಾಲದ ಜನರಲ್ ಮೋಟಾರ್ಸ್‌ನ ಕೆಲವು ಕಾರುಗಳಲ್ಲಿ ಟಾಪ್ ಮಾತ್ರ ಅಲ್ಲ, ಕಿಟಕಿ ಗಾಜು, ಸೀಟು ಕೂಡ ಅದೇ ಪಂಪಿನಿಂದ ನಡೆಯುತ್ತಿದ್ದವು. 1964ರಲ್ಲಿ ಬಂದ ಫೋರ್ಡ್ ಮಸ್ಟಾಂಗ್‌ನಲ್ಲಿ ಪಂಪು ಹಿಂದಿನ ಸೀಟಿನ ಬೆನ್ನ ಹಿಂದೆ ಕೂತಿರುತ್ತದೆ.

ಹಿಂದಿನ ಸೀಟು ಬಿಚ್ಚಿ ನೋಡಿ. ಪ್ರತಿ ಸಿಲಿಂಡರಿಗೂ ಎರಡೆರಡು ಸಣ್ಣ ಹೋಸ್ ಹೋಗಿದ್ದರೆ ಅದು ಹೈಡ್ರಾಲಿಕ್. ದಪ್ಪ ರಬ್ಬರ್ ಪೈಪು ಎಂಜಿನ್ ಕಡೆಗೆ ಹೋಗಿದ್ದರೆ ವ್ಯಾಕ್ಯೂಮ್. ನಮ್ಮ ಕಡೆ ಜಾಸ್ತಿ ಕಾಣುವ ಎಂಜಿ, ಹೆರಾಲ್ಡ್ ತರಹದ ಸಣ್ಣ ಓಪನ್ ಕಾರುಗಳಿಗೆ ಪವರ್ ಟಾಪ್ ಇರಲೇ ಇಲ್ಲ. ಅವಕ್ಕೆ ಹೊಸದಾಗಿ ಪವರ್ ಕೂರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಯಾವ ದಾರಿ ಹಿಡಿದರೂ ಮೊದಲು ಫ್ರೇಮ್

ಇಲ್ಲಿ ಆತುರ ಬೇಡ. ಟಾಪಿನ ಫ್ರೇಮಿಗೆ ಸಿಲಿಂಡರ್ ಸೇರುವ ಕಡೆ ಎರಡೂ ಪಕ್ಕದಲ್ಲಿ ಒಂದೊಂದು ಪಿನ್ನೋ ಬೋಲ್ಟೋ ಇರುತ್ತದೆ. ಅದನ್ನು ತೆಗೆಯಿರಿ. ಈಗ ಫ್ರೇಮ್ ಸ್ವತಂತ್ರ. ಒಬ್ಬೊಬ್ಬರು ಒಂದೊಂದು ಕಡೆ ನಿಂತು ನಿಧಾನವಾಗಿ ಎತ್ತಿ, ಇಳಿಸಿ. ಎಲ್ಲೂ ಹಿಡಿಯದೆ, ಎಲ್ಲೂ ಜಗ್ಗದೆ ಹೋಗಬೇಕು. ಕೈಯಲ್ಲಿ ಸಲೀಸಾಗಿ ಆಡದ ಫ್ರೇಮನ್ನು ಯಾವ ಪಂಪೂ ಎತ್ತುವುದಿಲ್ಲ. ಎತ್ತಿದರೂ ಬಗ್ಗಿಸಿಯೇ ಎತ್ತುತ್ತದೆ.

ಹಿಡಿಯುವ ಜಾಗ ಸಾಮಾನ್ಯವಾಗಿ ಕೀಲುಗಳು. ನಮ್ಮ ಬಯಲುಸೀಮೆಯ ಸಣ್ಣ ಕೆಂಪು ಧೂಳು ಹಳೆಯ ಗ್ರೀಸಿನ ಜೊತೆ ಸೇರಿದರೆ ವಾಲ್ವ್ ಉಜ್ಜುವ ಪೇಸ್ಟಿನಷ್ಟೇ ಒರಟಾಗಿ ಬುಷ್ ತಿನ್ನುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಅದ್ದಿ ಪ್ರತಿ ಕೀಲನ್ನೂ ತೊಳೆಯಿರಿ. ಒಣಗಿದ ಮೇಲೆ ತೆಳು ಆಯಿಲ್ ಎರಡು ಹನಿ ಸಾಕು. ಗ್ರೀಸ್ ಮೆತ್ತಬೇಡಿ, ಮತ್ತೆ ಧೂಳು ಹಿಡಿಯುತ್ತದೆ. ಬುಷ್ ಸವೆದು ಕೀಲು ಅಲ್ಲಾಡುತ್ತಿದ್ದರೆ ಲೇತ್ ಅಂಗಡಿಯಲ್ಲಿ ಹಿತ್ತಾಳೆ ಬುಷ್ ಮಾಡಿಸಬಹುದು.

ಆಮೇಲೆ ಟಾಪ್ ಪೂರ್ತಿ ಮುಚ್ಚಿ, ಎರಡೂ ಪಕ್ಕದ ಗಾಜು ಮೇಲೇರಿಸಿ, ದೂರ ನಿಂತು ನೋಡಿ. ಗಾಜಿನ ಮೇಲಿನ ಕಬ್ಬಿಣದ ಪಟ್ಟಿ ಒಂದೇ ಗೆರೆಯಲ್ಲಿ ಇರಬೇಕು. ನಡುವೆ ತಗ್ಗು ಬಿದ್ದಿದ್ದರೆ ಯಾರೋ ಹಿಂದೆ ಲಾಕ್ ಬಿಚ್ಚದೆ ಸ್ವಿಚ್ ಒತ್ತಿದ್ದಾರೆ ಅಂತಲೇ ಲೆಕ್ಕ. ಅಂಥ ಫ್ರೇಮನ್ನು ಟಿಂಕರಿಂಗ್ ಮಾಡುವವರ ಹತ್ತಿರ ನೇರ ಮಾಡಿಸದೆ ಮುಂದಕ್ಕೆ ಹೋಗಬೇಡಿ. ಬಟ್ಟೆಗೆ ಮೊಳೆ ಹೊಡೆಯುವ ಮರದ ಪಟ್ಟಿ ಕೊಳೆತಿದೆಯಾ ಅಂತಲೂ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ.

ಪಂಪು ಕೆಟ್ಟಿದೆ ಅನ್ನುವ ಮುಂಚೆ ವೈರು ನೋಡಿ

ಟಾಪ್ ಮೋಟಾರ್ ಎಳೆಯುವ ಕರೆಂಟು ಹೆಡ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. 60 ವರ್ಷದ ಹಳೆಯ ಸ್ವಿಚ್ಚು, ತುಕ್ಕು ಹಿಡಿದ ಅರ್ತ್ ಅದನ್ನು ತಡೆಯುವುದಿಲ್ಲ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಮೋಟಾರಿನ ಟರ್ಮಿನಲ್‌ಗೆ, ಇನ್ನೊಂದನ್ನು ಮೋಟಾರಿನ ಬಾಡಿಗೆ ಹಿಡಿದು ಸ್ವಿಚ್ ಒತ್ತಿಸಿ. ಬ್ಯಾಟರಿಯಲ್ಲಿ 12 ಇದ್ದು ಮೋಟಾರ್ ಹತ್ತಿರ 8 ಬಂದರೆ ಪಂಪಿನ ತಪ್ಪು ಏನೂ ಇಲ್ಲ. ಅರ್ತ್ ಜಾಗದ ಪೇಂಟ್ ಕೆರೆದು, ಹೊಸ ದಪ್ಪ ವೈರು ಹಾಕಿಸಿ. ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು) ಕೂರಿಸಿದರೆ ಹಳೆಯ ಸ್ವಿಚ್ಚಿನ ಮೇಲೆ ಹೊರೆ ಬೀಳುವುದಿಲ್ಲ, ಒರಿಜಿನಲ್ ಸ್ವಿಚ್ಚೂ ಉಳಿಯುತ್ತದೆ.

6 ವೋಲ್ಟಿನ ಕಾರುಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಅದೇ ಕೆಲಸಕ್ಕೆ ಕರೆಂಟು ಎರಡರಷ್ಟು ಬೇಕು, ವೈರೂ ಅಷ್ಟೇ ದಪ್ಪ ಇರಬೇಕು. ಫೋರ್ಡ್ 1956ರಲ್ಲಿ, ಶೆವರ್ಲೆ 1955ರಲ್ಲಿ 12 ವೋಲ್ಟಿಗೆ ಬಂದವು. ಅದಕ್ಕಿಂತ ಹಳೆಯ ಫೋರ್ಡ್ ಆದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿರುತ್ತದೆ. ಇದನ್ನು ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ.

ಮೊದಲ ದಾರಿ: ಇರುವ ಹೈಡ್ರಾಲಿಕ್ಕನ್ನೇ ಸರಿಮಾಡಿಸುವುದು

ಈ ದಾರಿಯ ಬಗ್ಗೆ ಜನ ಹೆದರುವುದು ಸುಮ್ನೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹೈಡ್ರಾಲಿಕ್ ಕೆಲಸ ಗೊತ್ತಿರುವವರಿಗೆ ಬರ ಇಲ್ಲ. ಸಾವಿರ ಅಡಿ ಕೊರೆಯುವ ಬೋರ್‌ವೆಲ್ ಲಾರಿಗಳು, ಜೆಸಿಬಿಗಳು, ಟಿಪ್ಪರ್‌ಗಳು ಇಲ್ಲಿ ದಿನವೂ ಓಡುತ್ತವೆ. ಅವುಗಳ ಹೋಸ್ ಪ್ರೆಸ್ ಮಾಡುವ, ಸೀಲ್ ಬದಲಿಸುವ ಅಂಗಡಿಗಳು ಹೆದ್ದಾರಿ ಪಕ್ಕದಲ್ಲೇ ಇವೆ. ಕೆಜಿಎಫ್‌ನಲ್ಲಿ ದಶಕಗಳಿಂದ ಇರುವ ಬೆಮೆಲ್, ಮಣ್ಣು ಅಗೆಯುವ ದೊಡ್ಡ ಯಂತ್ರಗಳನ್ನು ಮಾಡುವ ಕಾರ್ಖಾನೆ. ಅಲ್ಲಿ ದುಡಿದು ನಿವೃತ್ತರಾದವರ ಕೈಗೆ ನಮ್ಮ ಟಾಪಿನ ಸಿಲಿಂಡರ್ ಒಂದು ಆಟಿಕೆ.

ಅಂಥ ಒಬ್ಬರು ಒಂದು ಮಸ್ಟಾಂಗ್ ಸಿಲಿಂಡರ್ ಬಿಚ್ಚುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅವರು ಮೊದಲು ಮಾಡಿದ್ದು ರಾಡನ್ನು ಪೂರ್ತಿ ಹೊರಗೆ ಎಳೆದು, ಬನಿಯನ್ ಬಟ್ಟೆಯಿಂದ ಒರೆಸಿ, ಉಗುರಿನಿಂದ ಉದ್ದಕ್ಕೂ ಗೀರಿ ನೋಡಿದ್ದು. ಎರಡು ಕಡೆ ಉಗುರು ಸಿಕ್ಕಿಕೊಂಡಿತು. ಕಣ್ಣಿಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. "ಸಾರ್, ಸೀಲ್ ಹೊಸದು ಹಾಕ್ತೀನಿ, ಆದ್ರೆ ಈ ರಾಡ್ ಅದನ್ನ ಒಂದು ತಿಂಗಳಲ್ಲಿ ಹರೀತದೆ" ಅಂದರು. ಆ ರಾಡನ್ನು ಪೀಣ್ಯಕ್ಕೆ ಕಳಿಸಿ, ಗ್ರೈಂಡ್ ಮಾಡಿಸಿ, ಹಾರ್ಡ್ ಕ್ರೋಮ್ ಹಾಕಿಸಿಕೊಂಡು ಬಂದ ಮೇಲೆಯೇ ಸೀಲ್ ಕೂರಿಸಿದರು. ಸೀಲ್ ಮಾತ್ರ ಬದಲಿಸಿ ಕೊಡುವವರಿಗೂ ರಾಡ್ ನೋಡುವವರಿಗೂ ಇರುವ ವ್ಯತ್ಯಾಸ ಇದು. ಕೆಲಸ ಕೊಡುವ ಮುಂಚೆ ಈ ಒಂದು ಪ್ರಶ್ನೆ ಕೇಳಿ ನೋಡಿ.

ಒಂದು ತೊಡಕು ಇದೆ. ತುಂಬ ಕಾರುಗಳ ಸಿಲಿಂಡರ್ ತುದಿಯನ್ನು ಕಾರ್ಖಾನೆಯಲ್ಲೇ ಒತ್ತಿ ಮುಚ್ಚಿರುತ್ತಾರೆ, ಬಿಚ್ಚುವ ಹಾಗೆ ಮಾಡಿರುವುದಿಲ್ಲ. ಅಂಥದ್ದನ್ನು ಲೇತ್ ಮೇಲೆ ಕತ್ತರಿಸಿ, ಚೂಡಿ ಹಾಕಿ, ತಿರುಗಿಸಿ ಮುಚ್ಚುವ ಕ್ಯಾಪ್ ಮಾಡಬೇಕು. ಒಳ್ಳೆಯ ಲೇತ್ ಕೆಲಸದವರಿಗೆ ಇದು ಆಗುವ ಕೆಲಸವೇ. ಮುಂದಿನ ಸಲ ಸೀಲ್ ಬದಲಿಸುವುದು ಅರ್ಧ ಗಂಟೆಯ ಮಾತಾಗುತ್ತದೆ.

ಮೋಟಾರ್ ವಿಷಯದಲ್ಲಿ ಅಂಗಡಿ ಸರಿಯಾಗಿ ಆರಿಸಿ. ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವವರು ಬೀದಿಗೊಬ್ಬರಿದ್ದಾರೆ, ಆದರೆ ಅದು ಬೇರೆ ಜಾತಿಯ ಮೋಟಾರ್. ಟಾಪಿನದು ಕಾರ್ಬನ್ ಬ್ರಷ್ ಇರುವ ಡಿಸಿ ಮೋಟಾರ್. ಸೆಲ್ಫ್, ಡೈನಮೋ ರಿಪೇರಿ ಮಾಡುವ ಅಂಗಡಿಗೇ ಕೊಡಬೇಕು. ಕಾರ್ಬನ್ ಬದಲಿಸಿ, ಆರ್ಮೇಚರ್‌ನ ತಾಮ್ರವನ್ನು ಸ್ವಲ್ಪ ಟರ್ನ್ ಮಾಡಿದರೆ ಎಷ್ಟೋ "ಸತ್ತ" ಮೋಟಾರ್‌ಗಳು ಎದ್ದು ಕೂರುತ್ತವೆ. ಮೋಟಾರಿಗೂ ಪಂಪಿಗೂ ನಡುವಿನ ಸೀಲ್ ಹೋಗಿ ಆಯಿಲ್ ಒಳಗೆ ಇಳಿದಿದ್ದರೆ ಆ ಸೀಲನ್ನೂ ಜೊತೆಗೇ ಹಾಕಿಸಿ.

ಆಯಿಲ್ ಮತ್ತು ಸೀಲಿನ ಜೋಡಿ

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ದುಡ್ಡು ಹಾಳಾಗುವುದು ಇಲ್ಲಿ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1940, 50ರ ದಶಕದ ಹೈಡ್ರಾಲಿಕ್ ಟಾಪುಗಳಲ್ಲಿ ಬ್ರೇಕ್ ಆಯಿಲನ್ನೇ ಬಳಸುತ್ತಿದ್ದರು. ಆಮೇಲಿನ ಕಾರುಗಳಿಗೆ ಎಟಿಎಫ್ ಬಂತು, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಪವರ್ ಸ್ಟೀರಿಂಗಿಗೂ ಹಾಕುವ ಕೆಂಪು ಆಯಿಲ್. ಎರಡಕ್ಕೂ ಬೇಕಾದ ರಬ್ಬರ್ ಬೇರೆ ಬೇರೆ. ಬ್ರೇಕ್ ಆಯಿಲಿಗೆ ಇಪಿಡಿಎಂ ರಬ್ಬರ್ ಆಗುತ್ತದೆ. ಎಟಿಎಫ್‌ಗೆ ನೈಟ್ರೈಲ್ ಆಗಬೇಕು. ಅದಲುಬದಲಾದರೆ ರಬ್ಬರ್ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಹರಿಯುತ್ತದೆ. ನಮ್ಮ ಆಯಿಲ್ ಸೀಲ್ ಅಂಗಡಿಗಳಲ್ಲಿ ಏನೂ ಹೇಳದೆ ಸೈಜು ಕೊಟ್ಟರೆ ಕೈಗೆ ಬರುವುದು ಸಾಮಾನ್ಯವಾಗಿ ನೈಟ್ರೈಲ್. ಅದನ್ನು ಹಾಕಿಸಿ, ಮ್ಯಾನ್ಯುಯಲ್‌ನಲ್ಲಿ ಬರೆದಿದೆ ಅಂತ ಬ್ರೇಕ್ ಆಯಿಲ್ ತುಂಬಿದರೆ ಮುಗೀತು.

ಹಾಗಾದರೆ ಯಾವುದನ್ನು ಆರಿಸಬೇಕು? ಎಲ್ಲ ಬಿಚ್ಚಿ ಮಾಡಿಸುತ್ತಿದ್ದೀರಿ ಅಂದರೆ ನನ್ನ ಮತ ಎಟಿಎಫ್‌ಗೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಪಂಪು ಸಿಲಿಂಡರಿನ ಒಳಗೆ ತುಕ್ಕು ತರುತ್ತದೆ, ಸೋರಿದರೆ ಪೇಂಟ್ ಎಬ್ಬಿಸುತ್ತದೆ. ಎಟಿಎಫ್‌ಗೆ ಈ ಕಾಟ ಇಲ್ಲ. ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುತ್ತದೆ. ಕೆಂಪಗಿರುವುದರಿಂದ ಸೋರಿಕೆ ಎಲ್ಲಿ ಅಂತ ಕಾಣುತ್ತದೆ. ಆದರೆ ಬದಲಿಸುವುದಾದರೆ ಪೂರ್ತಿ ಬದಲಿಸಿ: ಸಿಲಿಂಡರ್ ಸೀಲ್, ಪಂಪಿನ ಓ-ರಿಂಗ್, ಡಬ್ಬಿಯ ವಾಷರ್, ಹೋಸ್, ಎಲ್ಲ. ಒಂದು ಹಳೆಯ ರಬ್ಬರ್ ಉಳಿದರೂ ಅದೇ ಮೊದಲು ಕೈಕೊಡುತ್ತದೆ. ಕಿಟಕಿ, ಸೀಟು ಎಲ್ಲ ಒಂದೇ ಪಂಪಿನಿಂದ ನಡೆಯುವ ಕಾರಾದರೆ ಅವುಗಳ ಸಿಲಿಂಡರುಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಖರ್ಚು ಅಲ್ಲಿ ಬೆಳೆಯುತ್ತದೆ.

ಅಷ್ಟೆಲ್ಲ ಬಿಚ್ಚುವುದು ಬೇಡ, ಬ್ರೇಕ್ ಆಯಿಲ್ ಸೀಲುಗಳೇ ಚೆನ್ನಾಗಿವೆ ಅಂದರೆ ಸಿಲಿಕೋನ್‌ನ ಡಾಟ್ 5 ಒಂದು ದಾರಿ. ಅದು ತೇವ ಹೀರುವುದಿಲ್ಲ, ಪೇಂಟಿಗೂ ತೊಂದರೆ ಇಲ್ಲ. ಹಳೆಯ ಆಯಿಲನ್ನು ಪೂರ್ತಿ ತೊಳೆದು ತೆಗೆದ ಮೇಲೆ ಮಾತ್ರ ಹಾಕಬೇಕು. ಡಬ್ಬದ ಮೇಲೆ ಡಾಟ್ 5.1 ಅಂತ ಇದ್ದರೆ ಅದು ಬೇರೆ. ಅದು ಮಾಮೂಲಿ ಬ್ರೇಕ್ ಆಯಿಲ್ ಜಾತಿಯದ್ದೇ. ನಂಬರ್ ಹತ್ತಿರ ಇದೆ ಅಂತ ತಂದುಬಿಡಬೇಡಿ.

ಈಗ ಒಳಗೆ ಇರುವುದು ಯಾವುದು ಅಂತ ಗೊತ್ತಾಗಬೇಕಾ? ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಡಬ್ಬಿಯಿಂದ ನಾಲ್ಕು ಹನಿ ಬಿಡಿ. ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿಹೋಗುತ್ತದೆ. ಎಟಿಎಫ್ ಮೇಲೆ ತೇಲುತ್ತದೆ. ಎರಡೂ ಕಂಡರೆ ಹಿಂದಿನ ಮಾಲೀಕರು ಬೆರೆಸಿದ್ದಾರೆ, ಪೂರ್ತಿ ಬಿಚ್ಚುವುದೇ ಸರಿ.

ತುಂಬಿಸಿದ ಮೇಲೆ ಟಾಪನ್ನು ನಾಲ್ಕಾರು ಸಲ ಎತ್ತಿ ಇಳಿಸಿದರೆ ಗಾಳಿ ತಾನಾಗಿ ಡಬ್ಬಿಗೆ ಬರುತ್ತದೆ. ನಡುನಡುವೆ ಮೋಟಾರ್ ಆರಲು ಬಿಡಿ. ಆಯಿಲ್ ಮಟ್ಟ ನೋಡುವುದು ಕಾರಿನ ಮ್ಯಾನ್ಯುಯಲ್ ಹೇಳಿದ ಸ್ಥಿತಿಯಲ್ಲೇ ಆಗಲಿ. ರಾಡ್ ಹೊರಗಿದ್ದಾಗ ಸಿಲಿಂಡರ್ ಒಳಗೆ ಜಾಸ್ತಿ ಆಯಿಲ್ ಇರುತ್ತದೆ, ಒಳಗಿದ್ದಾಗ ಕಡಿಮೆ. ತಪ್ಪು ಸ್ಥಿತಿಯಲ್ಲಿ ತುಂಬಿಸಿದರೆ ಡಬ್ಬಿ ಉಕ್ಕುತ್ತದೆ.

ಎರಡನೆಯ ದಾರಿ: ಹೊರಗಿನಿಂದ ಹೊಸ ಕಿಟ್

ಮಸ್ಟಾಂಗ್ ಅಥವಾ 1960ರ ದಶಕದ ಶೆವರ್ಲೆ ಇದ್ದರೆ ಈ ದಾರಿಯನ್ನು ನಾನು ತಳ್ಳಿಹಾಕುವುದಿಲ್ಲ. ಅವಕ್ಕೆ ಪಂಪು, ಸಿಲಿಂಡರ್, ಹೋಸ್ ಎಲ್ಲ ಹೊಸದಾಗಿ ತಯಾರಾಗುತ್ತವೆ, ಎಟಿಎಫ್‌ಗೆ ಹೊಂದುವ ಸೀಲಿನ ಜೊತೆಗೇ ಬರುತ್ತವೆ. ಹಾಕಿ ಮರೆತುಬಿಡಬಹುದು. ಆದರೆ ಸಾಗಣೆ, ಕಸ್ಟಮ್ಸ್ ಸುಂಕ, ಕಾಯುವ ದಿನಗಳು ಸೇರಿದರೆ ಅಲ್ಲಿನ ಬೆಲೆಯನ್ನು ನೋಡಿ ಹಾಕಿದ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ. ತಪ್ಪು ಸಾಮಾನು ಬಂದರೆ ವಾಪಸ್ ಕಳಿಸುವುದೂ ಸುಲಭ ಅಲ್ಲ.

ನನಗೆ ಇಷ್ಟವಾಗುವುದು ನಡುವಿನ ದಾರಿ. ಪಂಪು, ಮೋಟಾರ್ ಇಲ್ಲೇ ಸರಿಮಾಡಿಸಿ. ಸಿಲಿಂಡರಿನ ಒಳಗೋಡೆ ಗೀರಾಗಿ ಹೋಗಿದ್ದರೆ ಸಿಲಿಂಡರ್ ಮಾತ್ರ ತರಿಸಿ. ತರಿಸುವಾಗ ಜೋಡಿಯಾಗಿ ತರಿಸಿ. ಒಂದು ಹೊಸದು, ಒಂದು ಹಳೆಯದು ಆದರೆ ಎರಡು ಪಕ್ಕ ಒಂದೇ ವೇಗದಲ್ಲಿ ಏಳುವುದಿಲ್ಲ. ಆರ್ಡರ್ ಮಾಡುವ ಮುಂಚೆ ರಾಡ್ ಒಳಗಿರುವಾಗಿನ ಉದ್ದ, ಹೊರಗಿರುವಾಗಿನ ಉದ್ದ, ಎರಡೂ ತುದಿಯ ತೂತಿನ ಅಳತೆ ನೀವೇ ತೆಗೆದುಕೊಳ್ಳಿ. ಕಾರಿನ ವರ್ಷ ಒಂದನ್ನೇ ನಂಬಬೇಡಿ.

ಹೋಸ್ ಬಗ್ಗೆ ಒಂದು ಮಾತು. ಜೆಸಿಬಿ ಅಂಗಡಿಯವರು ತಮ್ಮ ಹತ್ತಿರ ಇರುವ ತಂತಿ ಹೆಣೆದ ದಪ್ಪ ಹೋಸನ್ನೇ ಕೊಡಲು ನೋಡುತ್ತಾರೆ. ಅದು, ಒತ್ತಡದ ಅಳತೆಯಲ್ಲಿ ಹೇಳುವುದಾದರೆ, ಸಾವಿರಾರು ಪಿಎಸ್‌ಐ ತಡೆಯುವಂಥದ್ದು, ನಮ್ಮ ಟಾಪ್ ಪಂಪಿನದು ಕೆಲವು ನೂರರ ಮಾತು. ಬಲ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಆದರೆ ಸಿಲಿಂಡರ್ ಟಾಪಿನ ಜೊತೆ ಓಲಾಡುತ್ತದೆ, ಹೋಸ್ ಅದರ ಜೊತೆ ಬಳುಕಬೇಕು. ಬಿರುಸು ಹೋಸ್ ಫಿಟಿಂಗನ್ನೇ ಜಗ್ಗುತ್ತದೆ. ತೆಳುವಾದ, ಮೆತ್ತಗಿನ ಹೋಸ್ ಕೇಳಿ ತೆಗೆದುಕೊಳ್ಳಿ.

ಮೂರನೆಯ ದಾರಿ: ಎಲೆಕ್ಟ್ರಿಕ್ ಆಕ್ಚುಯೇಟರ್

ಸಿಲಿಂಡರ್ ಜಾಗದಲ್ಲಿ ಸ್ಕ್ರೂ ತಿರುಗಿಸಿ ಉದ್ದವಾಗುವ ಮೋಟಾರ್ ಹಾಕುವುದು. ಆಯಿಲ್ ಇಲ್ಲ, ಸೋರಿಕೆ ಇಲ್ಲ, ಆನ್‌ಲೈನಲ್ಲಿ ಸುಲಭವಾಗಿ ಸಿಗುತ್ತದೆ. ಕೇಳಲು ಚೆನ್ನಾಗಿದೆ. ಎಲೆಕ್ಟ್ರಿಕ್ ಅಂದರೆ ಆಗದ ಕೆಲಸ ಅಂತಲೂ ಅಲ್ಲ. ಫೋರ್ಡ್ 1957ರಿಂದ 1959ರವರೆಗೆ ಮಾಡಿದ ಸ್ಕೈಲೈನರ್‌ನ ಇಡೀ ಲೋಹದ ಛಾವಣಿ ಮೋಟಾರ್ ಮತ್ತು ಸ್ಕ್ರೂಗಳ ಮೇಲೆಯೇ ಮಡಚಿ ಡಿಕ್ಕಿಯೊಳಗೆ ಹೋಗುತ್ತಿತ್ತು. ಆದರೆ ಆ ಕಾರನ್ನು ಮೊದಲಿಂದಲೇ ಹಾಗೆ ಯೋಚಿಸಿ ಕಟ್ಟಿದ್ದರು. ಹೈಡ್ರಾಲಿಕ್‌ಗೆ ಮಾಡಿದ ಫ್ರೇಮಿಗೆ ಆಮೇಲೆ ಸೇರಿಸುವುದು ಬೇರೆಯೇ ಮಾತು.

ಮೊದಲ ತೊಂದರೆ ಜೋಡಿ ನಡಿಗೆ. ಹೈಡ್ರಾಲಿಕ್‌ನಲ್ಲಿ ಎರಡೂ ಸಿಲಿಂಡರಿಗೆ ಒಂದೇ ಪಂಪಿನ ಒತ್ತಡ ಹೋಗುತ್ತದೆ. ಒಂದು ಕಡೆ ಸ್ವಲ್ಪ ಬಿಗಿ ಇದ್ದರೂ ಫ್ರೇಮ್ ತಾನೇ ಸರಿದೂಗಿಸಿಕೊಳ್ಳುತ್ತದೆ. ಎರಡು ಸ್ಕ್ರೂ ಮೋಟಾರ್‌ಗಳಿಗೆ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಒಂದು ಸ್ವಲ್ಪ ನಿಧಾನ ಆದರೂ ಫ್ರೇಮ್ ತಿರುಚುತ್ತದೆ. ಇದನ್ನು ತಡೆಯಲು ಸೆನ್ಸರ್ ಇರುವ ಆಕ್ಚುಯೇಟರ್ ಮತ್ತು ಎರಡನ್ನೂ ಸಮವಾಗಿ ನಡೆಸುವ ಕಂಟ್ರೋಲರ್ ಬೇಕು. ಅದು ಮಳೆಯಲ್ಲಿ ಕೈಕೊಟ್ಟರೆ ಬಂಗಾರಪೇಟೆಯಲ್ಲಿ ಯಾರಿಗೆ ತೋರಿಸುತ್ತೀರಿ?

ಎರಡನೆಯದು ವೇಗ. ಅಗ್ಗದ ಆಕ್ಚುಯೇಟರ್ ಸೆಕೆಂಡಿಗೆ 10 ಮಿಲಿಮೀಟರ್ ಸಾಗುತ್ತದೆ ಅಂದುಕೊಳ್ಳಿ. 250 ಮಿಲಿಮೀಟರ್ ಸಾಗಲು 25 ಸೆಕೆಂಡು. ವೇಗ ಬೇಕಾದರೆ ಬಲ ಕಡಿಮೆಯಾಗುತ್ತದೆ, ಎರಡೂ ಬೇಕಾದರೆ ದೊಡ್ಡ ಮೋಟಾರ್ ಬೇಕು, ಅದು ಕೂರುವಷ್ಟು ಜಾಗ ಬಾಡಿಯ ಒಳಗೆ ಇರುವುದಿಲ್ಲ.

ಮೂರನೆಯದನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಹೈಡ್ರಾಲಿಕ್ ಪಂಪಿನಲ್ಲಿ ಒತ್ತಡ ಮಿತಿ ಮೀರಿದರೆ ಆಯಿಲ್ ವಾಪಸ್ ಹೋಗುವ ವಾಲ್ವ್ ಇರುತ್ತದೆ. ಟಾಪ್ ಎಲ್ಲಾದರೂ ಸಿಕ್ಕಿಕೊಂಡರೆ ಪಂಪು ಅರಚುತ್ತದೆ, ಅದಕ್ಕಿಂತ ಜಾಸ್ತಿ ತಳ್ಳುವುದಿಲ್ಲ. ಹಾಗಂತ ಕೈ ಬೆರಳು ಅದರ ಬಾಯಿಗೆ ಕೊಡಬಹುದು ಅಂತಲ್ಲ. ಕರೆಂಟಿನ ಮಿತಿ ಹಾಕದ ಸ್ಕ್ರೂ ಮೋಟಾರ್ ಮಾತ್ರ ತಳ್ಳುತ್ತಲೇ ಇರುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುವ ಕಾರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಬ್ಯಾಟರಿ ಸತ್ತರೆ ಸ್ಕ್ರೂ ಅಲ್ಲೇ ಬಿಗಿದು ನಿಲ್ಲುತ್ತದೆ, ಕೈಯಿಂದ ಎಳೆಯಲು ಬರುವುದಿಲ್ಲ. ಹೈಡ್ರಾಲಿಕ್ ಆದರೆ ಪಿನ್ ತೆಗೆದು ಇಬ್ಬರು ಸೇರಿ ಮುಚ್ಚಬಹುದು.

ಒರಿಜಿನಲ್ ವ್ಯವಸ್ಥೆಯ ಒಂದು ತುಂಡೂ ಉಳಿದಿಲ್ಲ, ಆ ಕಾರಿಗೆ ಎಲ್ಲೂ ಸಾಮಾನು ಸಿಗುವುದಿಲ್ಲ ಅಂದರೆ ಮಾತ್ರ ಈ ದಾರಿಗೆ ಬನ್ನಿ. ಬಂದರೂ ಹಳೆಯ ತೂತುಗಳಿಗೇ ಬ್ರಾಕೆಟ್ ಕೂರಿಸಿ. ಬಾಡಿ ಕತ್ತರಿಸುವುದು, ವೆಲ್ಡ್ ಮಾಡುವುದು ಬೇಡ.

ಬೇಡ ಅನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಚಾಸಿ, ಬಾಡಿ ಶೆಲ್, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅನ್ನುವುದು ಷರತ್ತು. ಟಾಪಿನ ಸಲುವಾಗಿ ಶೆಲ್ ಕತ್ತರಿಸಿ ಆ ಹಕ್ಕನ್ನು ಕಳೆದುಕೊಳ್ಳುವುದು ಯಾಕೆ?

ವ್ಯಾಕ್ಯೂಮ್ ಟಾಪ್ ಇದ್ದರೆ

ನಮ್ಮೂರಿನ ಎತ್ತರ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸಮುದ್ರ ಮಟ್ಟದಲ್ಲಿ ಒಳ್ಳೆಯ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು (ಪಾದರಸದ ಅಳತೆಯಲ್ಲಿ) ವ್ಯಾಕ್ಯೂಮ್ ಕೊಡುತ್ತದೆ. ಪ್ರತಿ ಸಾವಿರ ಅಡಿ ಮೇಲೇರಿದರೆ ಸುಮಾರು ಒಂದು ಇಂಚು ಕಡಿಮೆ. ಕೋಲಾರ 2,600 ಅಡಿಗಿಂತ ಮೇಲಿದೆ. ನಂದಿಬೆಟ್ಟದ ತುದಿ 1,478 ಮೀಟರ್, ಅಂದರೆ 4,800 ಅಡಿಗೂ ಜಾಸ್ತಿ. ಮದ್ರಾಸಿನಲ್ಲಿ ಸಲೀಸಾಗಿ ಏಳುತ್ತಿದ್ದ ಟಾಪ್ ಇಲ್ಲಿ ಮೆಲ್ಲಗೆ ಏಳುತ್ತದೆ, ನಂದಿಬೆಟ್ಟದ ಮೇಲೆ ಅರ್ಧಕ್ಕೆ ನಿಂತರೂ ಆಶ್ಚರ್ಯ ಇಲ್ಲ. ಎಂಜಿನ್ ರಿಂಗ್ ಸವೆದಿದ್ದರೆ ಇನ್ನೂ ಕಷ್ಟ.

ಹಾಗಾಗಿ ಮೊದಲು ಮ್ಯಾನಿಫೋಲ್ಡಿಗೆ ಗೇಜ್ ಹಾಕಿ ನೋಡಿ, ಆಮೇಲೆ ಸಿಲಿಂಡರ್ ಹತ್ತಿರ ನೋಡಿ. ಎರಡರ ನಡುವೆ ವ್ಯತ್ಯಾಸ ಇದ್ದರೆ ಪೈಪು ಒಡೆದಿದೆ, ಅದು ಸುಲಭದ ರಿಪೇರಿ. ಎರಡೂ ಕಡೆ ಕಡಿಮೆ ಇದ್ದರೆ ಈಗಿನ ಕಾರುಗಳಲ್ಲಿ ಬ್ರೇಕ್ ಬೂಸ್ಟರಿಗೆ ಹಾಕುವ ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪು ಮತ್ತು ಒಂದು ಸಣ್ಣ ಟ್ಯಾಂಕ್ ಸೇರಿಸಿಕೊಳ್ಳಬಹುದು. 12 ವೋಲ್ಟಿನ ಪಂಪಿಗೆ 6 ವೋಲ್ಟಿನ ಕಾರಿನಲ್ಲಿ ಬೇರೆ ಸಣ್ಣ ಬ್ಯಾಟರಿ ಬೇಕು. ಒರಿಜಿನಲ್ ಸಿಲಿಂಡರ್ ಹಾಗೇ ಇರುತ್ತದೆ, ಬೇಡ ಅಂದಾಗ ಪಂಪು ಬಿಚ್ಚಿಡಬಹುದು. ವ್ಯಾಕ್ಯೂಮ್ ಕಾರನ್ನು ಹೈಡ್ರಾಲಿಕ್‌ಗೆ ಬದಲಿಸುವುದಕ್ಕಿಂತ ಇದು ಎಷ್ಟೋ ಮೇಲು.

ಕೈಯಿಂದ ಎತ್ತಿದರೆ?

ಇದನ್ನು ಸೋಲು ಅಂತ ನೋಡಬೇಡಿ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಹೊರಗೆ ತೆಗೆಯುವ ಕಾರಾದರೆ, ಸಿಲಿಂಡರ್ ಬಿಚ್ಚಿ, ಫ್ರೇಮ್ ಚೆನ್ನಾಗಿ ತೊಳೆದು, ಇಬ್ಬರು ಎತ್ತಿ ಇಳಿಸಿಕೊಂಡು ಓಡಿಸಬಹುದು. ಬಿಚ್ಚಿದ ಸಾಮಾನಿಗೆ ಚೀಟಿ ಕಟ್ಟಿ, ಆಯಿಲ್ ಹಚ್ಚಿ ಇಟ್ಟುಕೊಳ್ಳಿ. ದುಡ್ಡು ಕೂಡಿದ ಮೇಲೆ ಮೊದಲ ದಾರಿಗೆ ಬರಬಹುದು. ಸಿಲಿಂಡರ್ ಜಾಗಕ್ಕೆ ಡಿಕ್ಕಿಯ ಗ್ಯಾಸ್ ಸ್ಟ್ರಟ್ ಹಾಕುವ ಆಸೆ ಬೇಡ. ಅದು ಒಂದೇ ಕಡೆಗೆ ತಳ್ಳುತ್ತದೆ. ಟಾಪ್ ನಡುದಾರಿ ದಾಟಿದ ಮೇಲೆ ಅದೇ ಅಡ್ಡಿಯಾಗುತ್ತದೆ.

ಬಟ್ಟೆ ಯಾವಾಗಲೂ ಕೊನೆಗೆ

ಫ್ರೇಮ್ ಮತ್ತು ಹೈಡ್ರಾಲಿಕ್ ಎರಡೂ ಸರಿಯಾಗಿ ಒಂದು ತಿಂಗಳು ನಡೆದ ಮೇಲೆಯೇ ಬಟ್ಟೆಗೆ ದುಡ್ಡು ಹಾಕಿ. ಹೊಸ ಬಟ್ಟೆಯ ಮೇಲೆ ಆಯಿಲ್ ಚಿಮ್ಮಿದರೆ ನೋಡಲಾಗುವುದಿಲ್ಲ.

ವಿನೈಲ್ ಅಗ್ಗ, ಒರೆಸಿದರೆ ಧೂಳು ಹೋಗುತ್ತದೆ, 1950, 60ರ ಅಮೆರಿಕದ ಎಷ್ಟೋ ಕಾರುಗಳಿಗೆ ಒರಿಜಿನಲ್ಲೇ ಅದು. ನಮ್ಮ ಬಿಸಿಲಿಗೆ ಕಾಲಕ್ರಮೇಣ ಗಡುಸಾಗಿ ಮಡಿಕೆಯಲ್ಲಿ ಬಿರಿಯುತ್ತದೆ. ಕ್ಯಾನ್ವಾಸ್ ಜಾತಿಯ ನೇಯ್ದ ಬಟ್ಟೆ ದುಬಾರಿ, ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಮಡಿಕೆ ಸಲೀಸು. ಆದರೆ ಧೂಳು ನೇಯ್ಗೆಯೊಳಗೆ ಕೂರುತ್ತದೆ, ಮೆತ್ತನೆ ಬ್ರಷ್‌ನಿಂದ ತೆಗೆಯುತ್ತಿರಬೇಕು. ಕಾರು ನೆರಳಿನ ಶೆಡ್ಡಿನಲ್ಲಿ ಇದ್ದರೆ ವಿನೈಲ್ ಸಾಕು. ಹೊರಗೆ ನಿಲ್ಲುವ ಕಾರಿಗೆ ಕ್ಯಾನ್ವಾಸೇ ಆಗಬೇಕು. ಆಟೋಗೆ ಹಾಕುವ ರೆಕ್ಸಿನ್ ಮಾತ್ರ ಬೇಡ. ಅದು ಮಡಚುವುದಕ್ಕೆ ಮಾಡಿದ್ದಲ್ಲ.

ಹೊಲಿಯುವ ಕೈ ಮಾತ್ರ ಆಟೋ ಟಾಪ್, ಜೀಪ್ ಹುಡ್ ಹೊಲಿಯುವವರದ್ದೇ ಆಗಬಹುದು. ಹಳೆಯ ಬಟ್ಟೆಯನ್ನು ಹರಿಯದೆ ಹೊಲಿಗೆ ಬಿಚ್ಚಿ ಅವರಿಗೆ ಮಾದರಿಯಾಗಿ ಕೊಡಿ. ಕಮಾನುಗಳ ನಡುವಿನ ದೂರ ಹಿಡಿದಿಡುವ ಒಳಪಟ್ಟಿಗಳನ್ನು ಮೊದಲು ಹೊಸದು ಹಾಕಿಸಿ. ಅವು ಜಗ್ಗಿದ್ದರೆ ಮೇಲಿನ ಬಟ್ಟೆ ಎಷ್ಟು ಚೆನ್ನಾಗಿ ಹೊಲಿದರೂ ಮಳೆನೀರು ನಡುವೆ ನಿಲ್ಲುತ್ತದೆ. ಹಿಂದಿನ ಕಿಟಕಿಗೆ ಪ್ಲಾಸ್ಟಿಕ್ ಇದ್ದರೆ ಮಡಚುವ ಮುಂಚೆ ಅದನ್ನು ಜಿಪ್ ಬಿಚ್ಚಿ ಇಳಿಸಿ, ಮೇಲೆ ಒಂದು ಮೆತ್ತನೆ ಬಟ್ಟೆ ಹಾಸಿ.

ಹೊಸ ಟಾಪನ್ನು ಮೊದಲ ಕೆಲವು ವಾರ ಮುಚ್ಚಿಯೇ ಇಡಿ, ಬಟ್ಟೆ ಫ್ರೇಮಿಗೆ ಹೊಂದಿಕೊಳ್ಳಲಿ. ಒದ್ದೆ ಇದ್ದಾಗ ಮಡಚಬೇಡಿ. ಟಾಪ್ ಮಡಚಿ ಕೂರುವ ಹಿಂದಿನ ಗುಂಡಿಯ ತಳದಲ್ಲಿ ನೀರು ಹೋಗುವ ತೂತುಗಳಿರುತ್ತವೆ. ಸೆಪ್ಟೆಂಬರ್ ಮಳೆ ಹಿಡಿಯುವ ಮುಂಚೆ ಅದರಲ್ಲಿ ಒಂದು ತಂತಿ ಆಡಿಸಿ. ಪಂಪು ಕೂತಿರುವುದು ಅದರ ಪಕ್ಕದಲ್ಲೇ.